ಕಣ್ಣು ಮುಚ್ಚಿ, ಹೆಬ್ಬೆಟ್ಟು ತೋರಿಸಿ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ನಿಮಗೆ ಗೊತ್ತಿರುತ್ತದೆ. ನಮ್ಮ ಭಾವ ಆ ದಿನ ಮೇಷ್ಟ್ರುಗಳ ತರಬೇತಿ ಮುಗಿಸಿಕೊಂಡು ಮನೆಗೆ ಬಂದಾಗ ಸರಿಯಾಗಿ ಅರ್ಧ ತುಂಬಿದ್ದರು. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಉಳಿದ ಅರ್ಧವೇ ಕಾರಣ. ನನ್ನ ಪಾತ್ರ ಇದರಲ್ಲಿ ಏನೂ ಇಲ್ಲ, ಅಕ್ಕ ಏನೇ ಹೇಳಿದರೂ ನೀವು ನಂಬಬೇಡಿ.

ಭಾವ ಎಂದರೆ ನಮ್ಮಕ್ಕನ ಗಂಡ. ಮನೆಯಲ್ಲಿ ನನಗೆ ಭಾವ, ಶಾಲೆಯಲ್ಲಿ ಹಂಗಾಮಿ ಮೇಷ್ಟ್ರು. ನಾನು ಅದೇ ಶಾಲೆಯ ಗುಮಾಸ್ತ. ಹಂಗಾಮಿ ಎಂಬ ಮಾತು ಅವರಿಗೆ ಎಷ್ಟು ಕಾಲದಿಂದ ಅಂಟಿಕೊಂಡಿತ್ತೆಂದರೆ, ಅವರ ನಂತರ ಕೆಲಸಕ್ಕೆ ಬಂದವರೆಲ್ಲ ಕಾಯಂ ಆಗಿ, ಬಡ್ತಿ ಪಡೆದು, ಈಗ ಅವರಿಗೇ ಬುದ್ಧಿ ಹೇಳುತ್ತಿದ್ದರು. ಅವರ ವಿಷಯ ಸಮಾಜ. ಆದರೆ ಗಣಿತದ ಟೀಚರು ಹೆರಿಗೆ ರಜೆಯ ಮೇಲೆ ಹೋದದ್ದರಿಂದ ಗಣಿತವೂ ಅವರ ತಲೆಗೇ ಬಂತು. ಹಂಗಾಮಿಯಾದವನು ಬೇಡ ಎನ್ನುವ ಹಾಗಿಲ್ಲವಲ್ಲ.

ತರಬೇತಿಯ ಬೆಳಗಿನ ಭಾಗದಲ್ಲಿ ಹೇಳಿಕೊಟ್ಟದ್ದು ಇಷ್ಟು. ಪಾಠ ಮುಗಿಸಿ "ಅರ್ಥ ಆಯ್ತಾ?" ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ "ಆಯ್ತು ಸಾರ್" ಎನ್ನುತ್ತಾರೆ. ಅದನ್ನು ನಂಬಬಾರದು. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಬೇಕು. ಅರ್ಥವಾದವರು ಹೆಬ್ಬೆಟ್ಟು ಮೇಲಕ್ಕೆ, ಅರ್ಧಂಬರ್ಧ ಆದವರು ಅಡ್ಡಕ್ಕೆ, ಏನೂ ಆಗದವರು ಕೆಳಕ್ಕೆ ತೋರಿಸಬೇಕು. ಯಾರದ್ದೂ ಯಾರಿಗೂ ಕಾಣುವುದಿಲ್ಲವಾದ್ದರಿಂದ ನಾಚಿಕೆಯಿಲ್ಲ. ಕಂಡದ್ದನ್ನು ಮೇಷ್ಟ್ರು ಯಾರ ಮುಂದೆಯೂ ಹೇಳಕೂಡದು.

ಹೆಬ್ಬೆಟ್ಟು ಕೆಳಗಿಳಿದರೆ ಮೇಷ್ಟ್ರು ಏನು ಮಾಡಬೇಕು ಎಂಬುದನ್ನು ಹೇಳಿಕೊಟ್ಟದ್ದು ಮಧ್ಯಾಹ್ನ. ಆಗ ಭಾವ ಗೋಡೆ ಪಕ್ಕದ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ, ಭರ್ತಿ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದರು. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ಎಚ್ಚರಾಗಿ, ಎಲ್ಲರಿಗಿಂತ ಜೋರಾಗಿ ತಟ್ಟಿದರಂತೆ.

ಮಾರನೆಯ ದಿನವೇ ಪ್ರಯೋಗ ಶುರು. ಭಿನ್ನರಾಶಿಯ ಭಾಗಾಕಾರ ಹೇಳಿ, ಮಕ್ಕಳ ಕಣ್ಣು ಮುಚ್ಚಿಸಿ ನೋಡುತ್ತಾರೆ, ಇಡೀ ತರಗತಿಯ ಹೆಬ್ಬೆಟ್ಟು ನೆಲ ತೋರಿಸುತ್ತಿದೆ. ಭಾವನಿಗೆ ದಿಕ್ಕು ತೋಚಲಿಲ್ಲ. ತಮಗೆ ಗೊತ್ತಿದ್ದ ಒಂದೇ ಒಂದು ಕೆಲಸ ಮಾಡಿದರು. ಅದೇ ಪಾಠವನ್ನು ಮೊದಲಿನಿಂದ, ಸ್ವಲ್ಪ ಜೋರಾಗಿ ಹೇಳಿದರು. ಮತ್ತೆ ಕೆಳಗೆ. ಇನ್ನೂ ಜೋರಾಗಿ ಹೇಳಿದರು. ಆಟದ ಬೆಲ್ ಹೊಡೆಯಿತು, ಬೇರೆ ತರಗತಿಯ ಮಕ್ಕಳು ಕೂಗುತ್ತಾ ಮೈದಾನಕ್ಕೆ ಓಡಿದರು. ಇಲ್ಲಿ ಮಾತ್ರ "ತಲೆಕೆಳಗು ಮಾಡಿ ಗುಣಿಸು!" ಎಂಬ ಆರ್ಭಟ ನಡೆದೇ ಇತ್ತು. ನನ್ನ ಕಚೇರಿಯ ಕಿಟಕಿ ಗಾಜು ನಡುಗಿತು.

ಮಕ್ಕಳು ದಡ್ಡರಲ್ಲ. ಹೆಬ್ಬೆಟ್ಟು ಕೆಳಗಾದರೆ ಪಾಠ ಮತ್ತೊಮ್ಮೆ, ಮೇಲಾದರೆ ಆಟ. ಭಿನ್ನರಾಶಿ ಅರ್ಥವಾಗದಿದ್ದರೂ ಈ ಲೆಕ್ಕ ಅವರಿಗೆ ಚೆನ್ನಾಗಿ ಅರ್ಥವಾಯಿತು. ಮರುದಿನದಿಂದ ಭಾವ "ಕಣ್ಣು ಮುಚ್ಚಿ" ಎನ್ನುವುದರೊಳಗೆ ಎಲ್ಲ ಹೆಬ್ಬೆಟ್ಟೂ ಸೂರು ನೋಡುತ್ತಿದ್ದವು.

"ನೋಡ್ದೇನೋ," ಎಂದರು ಭಾವ ನನ್ನ ಮೇಜಿನ ಮೇಲೆ ಕೂತು, "ಒಂದೇ ದಿನ. ಒಬ್ಬನೇ ಒಬ್ಬನಿಗೆ ಅರ್ಥ ಆಗಿಲ್ಲ ಅನ್ನೋ ಹಾಗಿಲ್ಲ."

"ನಮ್ಮಜ್ಜಿ ಕಾಲದಲ್ಲಿ ಶಾಲೆಗೆ ಹೋಗದೇ ಇರೋರು ಹೆಬ್ಬೆಟ್ಟು ಒತ್ತೋರು ಭಾವ. ಈಗ ಶಾಲೆಗೆ ಬಂದೋರೂ ಅದನ್ನೇ ಮಾಡ್ತಾರಾ?"

"ನಿನ್ನಂಥೋರಿಂದಲೇ ದೇಶ ಹಿಂದೆ ಬಿದ್ದಿರೋದು," ಎಂದು ಎದ್ದು ಹೋದರು.

ಮೊದಲೇ ಮರ್ಕಟ, ಮೇಲೆ ಮದ್ಯ ಕುಡಿದಿದೆ ಎನ್ನುತ್ತಾರೆ. ದೊಡ್ಡವರನ್ನು ಹಾಗೆಲ್ಲ ಅನ್ನಬಾರದು, ಆದರೆ ಬೇರೆ ಗಾದೆ ನನಗೆ ನೆನಪಾಗುತ್ತಿಲ್ಲ. ಭಾವ ಈ ವಿದ್ಯೆಯನ್ನು ಮನೆಗೂ ತಂದರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಅದನ್ನು ಯಾಕೆ ಇನ್ನೂ ರಿಪೇರಿ ಮಾಡಿಸಿಲ್ಲ ಎಂದು ಅಕ್ಕನಿಗೆ ದೀರ್ಘವಾಗಿ ವಿವರಿಸಿ, "ಈಗ ಕಣ್ಣು ಮುಚ್ಚು. ಅರ್ಥ ಆಗಿದ್ರೆ ಹೆಬ್ಬೆಟ್ಟು ತೋರಿಸು" ಎಂದರು. ಅಕ್ಕ ಕಣ್ಣು ಮುಚ್ಚದೆಯೇ ಹೆಬ್ಬೆಟ್ಟನ್ನು ನಿಧಾನವಾಗಿ ಕೆಳಕ್ಕಿಳಿಸಿ, ನಲ್ಲಿಯ ಕೆಳಗೆ ತುಂಬಿದ್ದ ಬಕೆಟ್ಟನ್ನು ತೋರಿಸಿದಳು. ಭಾವ ಬಕೆಟ್ ಖಾಲಿ ಮಾಡಿ ಬಂದರು.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಬರಲಿಲ್ಲ. ನಮ್ಮ ವಠಾರದ ಎಲ್ಲ ಮನೆಗೂ ಒಂದೇ ನೀರಿನ ಟ್ಯಾಂಕು. ಯಾರು ಯಾವಾಗ ನೀರು ಹಿಡಿಯಬೇಕು ಎಂದು ಎದುರುಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಹೊಸ ಸರದಿ ಮಾಡಿ, ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ವಿವರಿಸಿದರು. ಮುಗಿಯುವುದೇ ತಡ, ಭಾವ ಎದ್ದು ನಿಂತು ಎಲ್ಲರ ಕಣ್ಣು ಮುಚ್ಚಿಸಿದರು. ಹೆಬ್ಬೆಟ್ಟುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಪೋಸ್ಟ್‌ಮಾಸ್ಟರು ಕುತೂಹಲ ತಡೆಯಲಾಗದೆ ಒಂದು ಕಣ್ಣು ಬಿಟ್ಟರು. ಮೊದಲು ಕಂಡದ್ದು ಪಕ್ಕದಲ್ಲೇ ಕೂತಿದ್ದ ತಮ್ಮ ಹೆಂಡತಿಯ ಹೆಬ್ಬೆಟ್ಟು. ಅದು ಎಲ್ಲರದ್ದಕ್ಕಿಂತ ಕೆಳಗಿತ್ತು.

"ಇಷ್ಟು ವರ್ಷ ನನ್ ಜೊತೆ ಸಂಸಾರ ಮಾಡಿ, ನಾನು ಹೇಳಿದ್ದು ಅರ್ಥ ಆಗಲ್ಲ ಅಂತೀಯಾ?"

"ಇಷ್ಟು ವರ್ಷ ಯಾರೂ ಕಣ್ಣು ಮುಚ್ಚಿ ಅಂತ ಹೇಳಿರಲಿಲ್ಲ," ಎಂದರು ಆ ತಾಯಿ, ಇನ್ನೂ ಕಣ್ಣು ಮುಚ್ಚಿಕೊಂಡೇ.

ಪೋಸ್ಟ್‌ಮಾಸ್ಟರು ಟ್ಯಾಂಕಿನ ಕೀಲಿಕೈ ಜೇಬಿಗಿಳಿಸಿ ಬಾಗಿಲು ಹಾಕಿಕೊಂಡರು. ಮಾರನೆಯ ದಿನ ವಠಾರದಲ್ಲಿ ಯಾರೂ ಸ್ನಾನ ಮಾಡಲಿಲ್ಲ. ನಮ್ಮ ಮನೆಗೆ ಮಾತ್ರ ಆ ಸೋರುವ ನಲ್ಲಿಯ ಬಕೆಟ್ ಇರಬೇಕಿತ್ತು. ಅದನ್ನೂ ಭಾವ ಖಾಲಿ ಮಾಡಿಟ್ಟಿದ್ದರು.

ಇಷ್ಟಾದರೂ ಇದು ಮನೆಮಾತು, ಮನೆಯೊಳಗೇ ಮುಗಿಯುತ್ತಿತ್ತು. ಮುಗಿಯದಂತೆ ಮಾಡಿದ್ದು ನಮ್ಮ ಹೆಡ್ ಮೇಡಂ. ಅವರು ಒಂದು ದಿನ ತರಗತಿಯ ಬಾಗಿಲಲ್ಲಿ ನಿಂತು, ಎತ್ತಿದ ಹೆಬ್ಬೆಟ್ಟುಗಳನ್ನು ಕಂಡು ಮೂಕವಿಸ್ಮಿತರಾಗಿ, ತಮ್ಮ ಶಾಲೆಯಲ್ಲಿ ಪ್ರತಿ ಮಗುವಿಗೂ ಪ್ರತಿ ಪಾಠವೂ ಅರ್ಥವಾಗುವ ಒಂದು ತರಗತಿ ಇದೆಯೆಂದು ಮೇಲಿನ ಕಚೇರಿಯಲ್ಲಿ ಹೇಳಿಬಿಟ್ಟರು. ಮೇಲಿನ ಕಚೇರಿಯಿಂದ ಉತ್ತರ ಬಂತು. ಇನ್‌ಸ್ಪೆಕ್ಟರು ಖುದ್ದಾಗಿ ಬರುತ್ತಾರೆ. ನೋಡಿ ಮೆಚ್ಚಿದರೆ ಹಂಗಾಮಿ ಮೇಷ್ಟ್ರು ಕಾಯಂ. ಮೆಚ್ಚದಿದ್ದರೆ ಆ ಹುದ್ದೆಯೇ ರದ್ದು.

ಇನ್‌ಸ್ಪೆಕ್ಟರೆಂದರೆ ಯಾರು? ಕೆಂಪುಮಸಿ. ವರದಿಯನ್ನೆಲ್ಲ ಕೆಂಪು ಶಾಯಿಯಲ್ಲೇ ಬರೆಯುತ್ತಿದ್ದುದರಿಂದ ಮೇಷ್ಟ್ರುಗಳು ಅವರಿಗಿಟ್ಟ ಹೆಸರು ಅದು. ಅವರು ನಕ್ಕದ್ದನ್ನು ಕಂಡವರಿಲ್ಲ.

ಸುದ್ದಿ ಕೇಳಿದ ಸಂಜೆ ಭಾವ ಊಟದ ತಟ್ಟೆಯ ಮುಂದೆ ಕೂತರು. ತುತ್ತು ಎತ್ತುವ ಮೊದಲೇ ನನ್ನನ್ನು ಕೇಳಿದರು, "ಅರ್ಧವನ್ನ ಕಾಲಿನಿಂದ ಭಾಗಿಸಿದ್ರೆ ಎರಡು ಬರತ್ತೆ. ಯಾಕೋ?"

"ನನ್ನ ಕೇಳ್ತೀರಾ? ನೀವೇ ತಾನೇ ಪಾಠ ಹೇಳ್ತಿರೋದು?"

"ಕಾಲನ್ನ ತಲೆಕೆಳಗು ಮಾಡಿ ಗುಣಿಸು ಅಂತ ಪುಸ್ತಕದಲ್ಲಿದೆ. ಯಾಕೆ ತಲೆಕೆಳಗು ಅಂತ ಇಲ್ಲ. ಭಾಗಿಸಿದ್ರೆ ಕಮ್ಮಿ ಆಗಬೇಕು ತಾನೇ? ಅರ್ಧ ಇದ್ದಿದ್ದು ಎರಡಾಗತ್ತಲ್ಲ, ಎಲ್ಲಿಂದ ಬಂತು ಅದು?"

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ರೀ, ಹಾಗಾದ್ರೆ ನಿಮಗೇ ಅರ್ಥ ಆಗಿಲ್ವಾ?"

"ಮಕ್ಕಳಿಗೆ ಆಗಿದೆಯಲ್ಲ."

"ಮಕ್ಕಳಿಗೆ ಆಗಿದ್ರೆ ಅವರನ್ನೇ ಕೇಳಿ ತಿಳ್ಕೊಳ್ಳಿ."

ತಮಗೇ ಗೊತ್ತಿಲ್ಲದ್ದನ್ನು ಹೇಳಿದರೆ ಅದು ಇಡೀ ತರಗತಿಗೆ ಹೇಗೆ ಅರ್ಥವಾಯಿತು ಎಂಬ ಪ್ರಶ್ನೆ ಭಾವನ ತಲೆಗೆ ಅಂದು ಮೊದಲ ಸಲ ಹೊಕ್ಕಿತು. ಅಕ್ಕ ಮತ್ತೇನೂ ಅನ್ನಲಿಲ್ಲ. ಅಕ್ಕ ಬೈದರೆ ಹೆದರಬೇಕಿಲ್ಲ, ಸುಮ್ಮನಾದರೆ ಹೆದರಬೇಕು.

ಆ ದಿನ ಬಂತು. ಹೆಡ್ ಮೇಡಂ ಅಪ್ಪಣೆಯಂತೆ ನಾನು ಒಂದು ಟ್ರೇಯಲ್ಲಿ ನೀರಿನ ಲೋಟ ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಕೆಂಪುಮಸಿ ಬಂದರು. ದೊಡ್ಡ ಆಳು. ಮುಂದೆ ಹಾಕಿದ್ದ ಕುರ್ಚಿಯನ್ನು ಕಣ್ಣೆತ್ತಿಯೂ ನೋಡದೆ, "ನಾನು ಹಿಂದೆ ಕೂರ್ತೀನಿ" ಎಂದು ಹಿಂದಿನ ಬೆಂಚಿಗೆ ನಡೆದರು. ಅಲ್ಲಿದ್ದ ನಾಲ್ಕು ಮಕ್ಕಳು ಎದ್ದು ಗೋಡೆಗೆ ಒರಗಿ ನಿಂತರು. ಬೆಂಚಿನ ಅರ್ಧದಲ್ಲಿ ಇನ್‌ಸ್ಪೆಕ್ಟರು ಕೂತರು. ಉಳಿದರ್ಧವನ್ನು ಹೆಡ್ ಮೇಡಂ ತುಂಬಿದರು.

ಭಾವ ಪಾಠ ಶುರು ಮಾಡಿದರು. ಸೀಮೆಸುಣ್ಣ ಬೋರ್ಡಿಗೆ ತಾಗಿ ಮುರಿಯಿತು. ಇನ್ನೊಂದು ತೆಗೆದರು, ಅದೂ ಮುರಿಯಿತು. ಅರ್ಧ ಭಾಗಿಸು ಕಾಲು, ತಲೆಕೆಳಗು ಮಾಡಿ ಗುಣಿಸು, ಉತ್ತರ ಎರಡು. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು. ಪಾಠ ಮುಗಿಯಿತು.

"ಅದೇನೋ ಹೆಬ್ಬೆಟ್ಟಿಂದು ಮಾಡ್ತೀರಂತಲ್ಲ," ಎಂದರು ಕೆಂಪುಮಸಿ. "ಮಾಡಿ."

"ಎಲ್ಲರೂ ಕಣ್ಣು ಮುಚ್ಚಿ!" ಎಂದರು ಭಾವ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹೆದರಿದ ಮನುಷ್ಯನ ಬಾಯಿ ಹಳೆಯ ಜಾಡಿನಲ್ಲೇ ಓಡುತ್ತದೆ. ದಿನಾ ಬೈಯುವ ಹಾಗೆಯೇ ಬೈದುಬಿಟ್ಟರು, "ಹಿಂದಿನ ಬೆಂಚು! ನಿಮಗೇನು ಬೇರೆ ಹೇಳಬೇಕಾ?"

ಇನ್‌ಸ್ಪೆಕ್ಟರು ಭಾವನನ್ನೇ ನೋಡಿದರು. ಭಾವ ಬೋರ್ಡಿಗೆ ಅಂಟಿ ನಿಂತರು. ಆಮೇಲೆ, ದೇವರಾಣೆ, ಕೆಂಪುಮಸಿ ಎರಡೂ ಕಣ್ಣು ಮುಚ್ಚಿದರು. ಅವರು ಮುಚ್ಚಿದ್ದು ನೋಡಿ ಹೆಡ್ ಮೇಡಂ ಕೂಡ ಮುಚ್ಚಿದರು.

ಮಕ್ಕಳ ಹೆಬ್ಬೆಟ್ಟುಗಳು ವಾಡಿಕೆಯಂತೆ ಸರಕ್ಕನೆ ಮೇಲೆದ್ದವು. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ಅವರದ್ದು ಅಡ್ಡಕ್ಕೆ ಬಂತು, ಸ್ವಲ್ಪ ಹೊತ್ತು ಯೋಚಿಸಿತು, ಕೆಳಗೆ ವಾಲಿತು. ಅದರ ಪಕ್ಕದಲ್ಲಿ ಶಾಯಿ ಮೆತ್ತಿದ ಒಂದು ದಪ್ಪ ಹೆಬ್ಬೆಟ್ಟು ಎದ್ದು, ಯಾವ ಸಂಕೋಚವೂ ಇಲ್ಲದೆ ನೇರವಾಗಿ ನೆಲಕ್ಕೆ ತಿರುಗಿತು. ಇನ್‌ಸ್ಪೆಕ್ಟರಿಗೆ ಅರ್ಥವಾಗಿರಲಿಲ್ಲ!

ಇದನ್ನು ಕಂಡವರು ಲೋಕದಲ್ಲಿ ಇಬ್ಬರೇ, ಭಾವ ಮತ್ತು ನಾನು. ಭಾವ ನನ್ನ ಕಡೆ ನೋಡಿದರು. ನಾನು ಲೋಟದ ಕಡೆ ನೋಡಿದೆ.

"ಕ... ಕಣ್ಣು ಬಿಡಿ."

"ಏನು ಕಂಡ್ರಿ?" ಎಂದರು ಕೆಂಪುಮಸಿ. "ಎಲ್ಲರಿಗೂ ಅರ್ಥ ಆಗಿದೆಯಾ?"

ಈಗ ನೀವೇ ಯೋಚಿಸಿ. ಆಗಿದೆ ಎಂದರೆ ಸುಳ್ಳು, ಆ ಸುಳ್ಳು ಕೇಳಿದವರಿಗೇ ಗೊತ್ತು. ಆಗಿಲ್ಲ ಎಂದರೆ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಕಂಡದ್ದನ್ನು ಹೇಳಕೂಡದೆಂಬುದು ನಿಯಮ, ಹೇಳಿದರೆ ಕೆಲಸವೂ ಉಳಿಯುವುದಿಲ್ಲ. ಅತ್ತ ದರಿ ಇತ್ತ ಪುಲಿ. ಮಧ್ಯಾಹ್ನದ ಆ ಫ್ಯಾನಿನ ಕೆಳಗೆ ನಿದ್ದೆ ಹೋಗದೇ ಇದ್ದಿದ್ದರೆ ಏನು ಮಾಡಬೇಕೆಂದು ತಿಳಿದಿರುತ್ತಿತ್ತು. ತಿಳಿದಿರಲಿಲ್ಲ. ಅಕ್ಕನ ಮುಖ ನನ್ನ ಕಣ್ಣ ಮುಂದೆ ಬಂತು. ಅವರ ಕಣ್ಣ ಮುಂದೆಯೂ ಬಂದಿರಬೇಕು.

ಭಾವ ಸೀಮೆಸುಣ್ಣ ಕೆಳಗಿಟ್ಟು, ತಮ್ಮ ಬಲಗೈ ಎತ್ತಿ, ಹೆಬ್ಬೆಟ್ಟನ್ನು ಕೆಳಕ್ಕೆ ತಿರುಗಿಸಿದರು.

"ಒಬ್ಬರಿಗೆ ಆಗಿಲ್ಲ ಸಾರ್. ನನಗೆ. ತಲೆಕೆಳಗು ಮಾಡಬೇಕು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ಗೊತ್ತಿದೆ ಅನ್ನೋ ಹಾಗೆ ಇಷ್ಟು ದಿನ ಕಿರುಚಿದೆ."

"ಏನ್ ಮಾತಾಡ್ತಿದೀರಿ ನೀವು!" ಹೆಡ್ ಮೇಡಂ ಬೆಂಚು ಬಿಟ್ಟು ದಡಕ್ಕನೆ ಎದ್ದರು. "ಮೇಲಿನ ಆಫೀಸಿಗೆ ನಾನು ಹೇಳಿದೀನಿ! ನನ್ನ ಮರ್ಯಾದೆ ಏನಾಗಬೇಕು?" ಎನ್ನುತ್ತಾ ಮುಂದಕ್ಕೆ ನುಗ್ಗಿ ಬಂದರು.

ಬೆಂಚಿನ ಅರ್ಧ ಖಾಲಿಯಾಯಿತು. ಗೋಡೆಗೊರಗಿ ಕಾಲು ನೋಯಿಸಿಕೊಂಡಿದ್ದ ಮಕ್ಕಳಿಗೆ ಮರ್ಯಾದೆಯ ಚಿಂತೆ ಇರಲಿಲ್ಲ. ಇಬ್ಬರು ಹುಡುಗಿಯರು ಸದ್ದಿಲ್ಲದೆ ಜಾರಿ ಬಂದು ಇನ್‌ಸ್ಪೆಕ್ಟರ ಪಕ್ಕ ಕೂತರು. ಮೂರನೆಯವಳೂ ನುಸುಳಲು ನೋಡಿದಳು, ಜಾಗ ಸಾಲಲಿಲ್ಲ.

ಭಾವ ಹೆಡ್ ಮೇಡಂ ಅವರ ಮಾತು ಕೇಳುತ್ತಿರಲಿಲ್ಲ. ಬೆಂಚನ್ನೇ ನೋಡುತ್ತಿದ್ದರು. ಬೋರ್ಡ್ ನೋಡಿದರು. ಮತ್ತೆ ಬೆಂಚು ನೋಡಿದರು. ಅವರಿಗೇನೋ ಆಯಿತು ಎಂದು ನಾನು ನೀರಿನ ಲೋಟ ಕೈಗೆತ್ತಿಕೊಂಡೆ.

"ಇಬ್ಬರು!" ಎಂದು ಕಿರುಚಿದರು ಭಾವ. "ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ! ಮಕ್ಕಳೇ, ಹಿಂದೆ ತಿರುಗಿ! ಆ ಬೆಂಚಲ್ಲಿ ದಿನಾ ಎಷ್ಟು ಜನ ಕೂರ್ತಾರೆ?"

"ನಾಲ್ಕು ಜನ ಸಾರ್!"

"ಒಬ್ಬೊಬ್ಬರಿಗೆ ಎಷ್ಟು ಜಾಗ?"

"ಕಾಲು ಬೆಂಚು!"

"ಈಗ ಅರ್ಧ ಬೆಂಚು ಖಾಲಿ ಇತ್ತು. ಅರ್ಧದೊಳಗೆ ಕಾಲು ಎಷ್ಟು ಸಲ ಹಿಡೀತು?"

"ಎರಡು!" ಎಂದರು ಕೆಲವರು. ಇಡೀ ತರಗತಿ ಬೋರ್ಡಿನ ಮೇಲಿನ ಎರಡನ್ನು ನೋಡಿತು.

"ಎರಡು ಅಂದ್ರೆ ಎರಡು ಬೆಂಚಲ್ಲ, ಇಬ್ಬರು ಜನ! ಅಯ್ಯೋ ನನ್ನ ದಡ್ಡತಲೆಯೇ! ಪೂರ್ತಿ ಬೆಂಚಿಗೆ ನಾಲ್ಕು ಜನ, ಅದಕ್ಕೇ ಕಾಲು ತಲೆಕೆಳಗಾಗಿ ನಾಲ್ಕಾಗತ್ತೆ. ಅರ್ಧ ಬೆಂಚಿಗೆ ನಾಲ್ಕರಲ್ಲಿ ಅರ್ಧ ಜನ. ಅಷ್ಟೇ! ಅಷ್ಟೇ ಕಣ್ರೋ!"

ಆಮೇಲೆ ನಡೆದದ್ದನ್ನು ಪಾಠ ಎನ್ನಬೇಕೋ ಗದ್ದಲ ಎನ್ನಬೇಕೋ. ಮಕ್ಕಳು ಬೆಂಚಿಂದ ಬೆಂಚಿಗೆ ಹಾರಿದರು, ಒತ್ತಿಕೊಂಡು ಕೂತರು, ಜಾಗ ಅಳೆದರು. ಮುಕ್ಕಾಲು ಬೆಂಚಿಗೆ ಮೂವರು ಎಂದು ಒಬ್ಬ ಕೂಗಿದ. ಎಂಟನೇ ಒಂದು ಭಾಗ ಸಾಕೆನ್ನುವ ಸಣಕಲರಾದರೆ ಅರ್ಧ ಬೆಂಚಿಗೆ ನಾಲ್ವರು ಎಂದು ಇನ್ನೊಬ್ಬಳು. ಭಾವ ತಾವು ಹಂಗಾಮಿ ಎಂಬುದನ್ನೂ ಇನ್‌ಸ್ಪೆಕ್ಟರು ಕೂತಿದ್ದಾರೆ ಎಂಬುದನ್ನೂ ಮರೆತು ಕುಣಿಯುತ್ತಿದ್ದರು. ನನಗೂ ಅರ್ಥವಾಯಿತು. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು.

ಆಟದ ಬೆಲ್ ಹೊಡೆಯಿತು.

ಕೆಂಪುಮಸಿ ಎದ್ದರು. ಎಲ್ಲ ಸದ್ದೂ ಅಡಗಿತು. "ಕೂತ್ಕೊಳ್ಳಿ. ಈಗ ನಾನು ಕೇಳ್ತೀನಿ. ಎಲ್ಲರೂ ಕಣ್ಣು ಮುಚ್ಚಿ. ಅರ್ಥ ಆದವರು ಹೆಬ್ಬೆಟ್ಟು ಮೇಲೆ ಮಾಡಿ, ಆಟಕ್ಕೆ ಹೋಗಬಹುದು."

ಹೊರಗೆ ಮೈದಾನದಿಂದ ಮಕ್ಕಳ ಕೂಗು ಬರುತ್ತಿತ್ತು. ಇಲ್ಲಿ ಕೈಗಳು ಮೇಲೆದ್ದವು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲ ಹೆಬ್ಬೆಟ್ಟೂ ಕೆಳಗೆ.

ಒಂದೇ ಒಂದೂ ಮೇಲಿರಲಿಲ್ಲ. ಭಾವ ಬೋರ್ಡ್ ಹಿಡಿದುಕೊಂಡರು, ಬರೆದದ್ದೆಲ್ಲ ಅವರ ಅಂಗಿಗೆ ಅಳಿಸಿಕೊಂಡಿತು. ಹೆಡ್ ಮೇಡಂ ಕುರ್ಚಿಗೆ ಕುಸಿದರು. ಕೆಂಪುಮಸಿ ಜೇಬಿನಿಂದ ಪೆನ್ನು ತೆಗೆದು ಕ್ಯಾಪ್ ಬಿಚ್ಚಿದರು. ಮುಗಿಯಿತು, ಅಕ್ಕನಿಗೆ ಏನೆಂದು ಹೇಳಲಿ ಎಂದು ನಾನು ಮಾತು ಹುಡುಕತೊಡಗಿದೆ.

"ಯಾರಿಗೂ ಅರ್ಥ ಆಗಿಲ್ವಾ?" ಎಂದರು ಇನ್‌ಸ್ಪೆಕ್ಟರು.

ಮೊದಲ ಬೆಂಚಿನ ಎರಡು ಜಡೆಯ ಹುಡುಗಿ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಳು. "ಆಗಿದೆ ಸಾರ್."

"ಮತ್ತೆ ಕೆಳಗೆ ಯಾಕೆ ತೋರಿಸ್ತಿದೀಯಮ್ಮ?"

"ಕೆಳಗೆ ತೋರಿಸಿದ್ರೆ ಮೇಷ್ಟ್ರು ಇನ್ನೊಂದ್ಸಲ ಹೇಳ್ತಾರೆ ಸಾರ್. ಆಟಕ್ಕೂ ಬಿಡಲ್ಲ." ಅವಳು ಸ್ವಲ್ಪ ತಡೆದು ಸೇರಿಸಿದಳು, "ಇವತ್ತು ಇನ್ನೊಂದ್ಸಲ ಹೇಳ್ಲಿ ಅಂತ."

ಕೆಂಪುಮಸಿ ಪೆನ್ನು ಹಿಡಿದೇ ನಿಂತರು. "ಅರ್ಥ ಆಗಿದ್ರೆ ಹೇಳು ನೋಡೋಣ. ಅರ್ಧ ಬೆಂಚಲ್ಲಿ ನನ್ನಂಥೋರು ಎಷ್ಟು ಜನ ಕೂರಬಹುದು?"

"ಒಬ್ಬರೇ ಸಾರ್," ಎಂದಳು ಹುಡುಗಿ ತಟ್ಟನೆ. "ಅರ್ಧದೊಳಗೆ ಅರ್ಧ ಒಂದೇ ಸಲ."

ಇನ್‌ಸ್ಪೆಕ್ಟರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ ಅಲುಗಿತು. ಆ ಮುಖಕ್ಕೆ ನಗುವುದು ಹೇಗೆಂದು ಅಭ್ಯಾಸವಿಲ್ಲದ್ದರಿಂದ ಅದು ಸ್ವಲ್ಪ ತಡವಾಗಿ ಸೇರಿಕೊಂಡಿತು. ಪೆನ್ನಿನ ಕ್ಯಾಪ್ ಹಾಕಿ, ಇಬ್ಬರು ಹುಡುಗಿಯರ ಪಕ್ಕ ತಮ್ಮ ಅರ್ಧ ಬೆಂಚಿನಲ್ಲಿ ಮತ್ತೆ ಕೂತರು.

"ಹೇಳಿ ಮೇಷ್ಟ್ರೇ, ಇನ್ನೊಂದ್ಸಲ."

ಭಾವ ಹೇಳಿದರು. ಈ ಸಲ ಕಿರುಚಲಿಲ್ಲ.

ಪಾಠ ಮುಗಿದು, ಇನ್‌ಸ್ಪೆಕ್ಟರು ತಮ್ಮ ಗಾಡಿ ಹತ್ತುವ ಮುಂಚೆ ಭಾವನನ್ನು ಕರೆದರು. ನೀರಿನ ಲೋಟ ಹಿಡಿದು ನಾನೂ ಹಿಂದೆಯೇ ಹೋದೆ. ಆ ಲೋಟದಿಂದ ಅಂದು ಯಾರೂ ಒಂದು ಗುಟುಕೂ ಕುಡಿಯಲಿಲ್ಲ, ಆದರೆ ನನಗೆ ಅದು ಬಹಳ ಉಪಕಾರ ಮಾಡಿತು.

"ಮೊದಲನೇ ಸಲ ಕಣ್ಣು ಮುಚ್ಚಿಸಿದ್ರಲ್ಲ," ಎಂದರು ಕೆಂಪುಮಸಿ ಮೆಲ್ಲಗೆ. "ಹಿಂದಿನ ಬೆಂಚಲ್ಲಿ ಏನಾದ್ರೂ ಕಂಡ್ರಾ?"

"ಇಲ್ಲ ಸಾರ್. ನನಗೆ ದೂರದ್ದು ಕಾಣಲ್ಲ."

"ಹೂಂ."

"ಸಾರ್, ನನ್ನ ಕೆಲಸದ ವಿಷಯ..." ಭಾವ ಅಂಗಿಗೆ ಮೆತ್ತಿದ್ದ ಸೀಮೆಸುಣ್ಣ ಕೊಡವಿಕೊಂಡರು. "ಮನೇಲಿ ಕಾಯ್ತಿರ್ತಾರೆ."

"ಕಣ್ಣು ಮುಚ್ಚಿ," ಎಂದರು ಇನ್‌ಸ್ಪೆಕ್ಟರು.

ಭಾವ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಶಾಯಿ ಮೆತ್ತಿದ ಆ ಹೆಬ್ಬೆಟ್ಟು ಅವರ ಮೂಗಿನ ಮುಂದೆ ನೇರವಾಗಿ ಮೇಲೆದ್ದು ಒಂದು ಕ್ಷಣ ನಿಂತಿತು. ಆಮೇಲೆ ಗಾಡಿಯ ಬಾಗಿಲು ಹಾಕಿಕೊಂಡಿತು, ಗಾಡಿ ಹೊರಟಿತು, ತಿರುವಿನಲ್ಲಿ ಮರೆಯೂ ಆಯಿತು.

"ಬಿಡ್ಲಾ ಸಾರ್?" ಎಂದರು ಭಾವ, ಧೂಳಿನಲ್ಲಿ ಒಬ್ಬರೇ ನಿಂತು.

ಕಂಡದ್ದನ್ನು ಯಾರ ಮುಂದೆಯೂ ಹೇಳಕೂಡದು ಎಂಬುದು ನಿಯಮ. ನಾನು ನಿಯಮ ಪಾಲಿಸುವ ಗುಮಾಸ್ತ. ಭಾವನನ್ನು ಅಲ್ಲೇ ಬಿಟ್ಟು, ಕಚೇರಿಗೆ ಓಡಿ, ಮೊದಲು ಅಕ್ಕನಿಗೆ ಫೋನ್ ಮಾಡಿದೆ.